ಮನೋರಮೆಯ ಅಡ್ಡಮಾತು

ಮುದ್ದಣನ ‘ಶ್ರೀರಾಮಾಶ್ವಮೇಧ’ವನ್ನು ನೆನೆದೊಡನೆ ಕಣ್ಣೆದುರು ನಿಲ್ಲುವುದು ಯಜ್ಞದ ಕುದುರೆಯಲ್ಲ, ಮನೋರಮೆ. ಕಥೆಯನ್ನು ಮರೆತವರಿಗೂ ಆ ದಂಪತಿಗಳ ಸಲ್ಲಾಪ ನೆನಪಿರುತ್ತದೆ. ಅದನ್ನು ಸರಸವೆಂದು ಮೆಚ್ಚಿ ಮುಂದೆ ಸಾಗುವುದು ಸುಲಭ. ಆದರೆ ಹೇಳುವವನು ಕೇಳುವವರಿಗಾಗಿ ತನ್ನ ಮಾತಿನ ಬಗೆಯನ್ನು ಹೇಗೆ ಆಯ್ದುಕೊಳ್ಳಬೇಕೆಂಬ ಗಂಭೀರ ಪ್ರಶ್ನೆಯೇ ಆ ಸರಸದ ತಿರುಳು.

ಕಥೆ ಯಾವುದು, ಗದ್ಯವೋ ಪದ್ಯವೋ, ಭಾಷೆ ಎಂತಹದು ಎಂಬ ಮೂರನ್ನೂ ಮನೋರಮೆಯನ್ನು ಕೇಳಿಯೇ ನಿಶ್ಚಯಿಸಲಾಗಿದೆ. ಪತಿ ಸಂಸ್ಕೃತ ಸಮಾಸಗಳನ್ನು ಪೋಣಿಸಿ ಆರಂಭಿಸಿದೊಡನೆ ಆಕೆ ತಡೆಯುತ್ತಾಳೆ. ತಿಳಿಯದುದನ್ನು ತಿಳಿಯಲಿಲ್ಲವೆನ್ನಲು ಆಕೆಗೆ ನಾಚಿಕೆಯಿಲ್ಲ. ಮಾತನ್ನು ಬದಲಿಸಲು ಆತನಿಗೆ ಪಾಂಡಿತ್ಯದ ಅಭಿಮಾನ ಅಡ್ಡಬರುವುದಿಲ್ಲ. ಕನ್ನಡದಲ್ಲಿ ಹೊಂದದ ಸಂಸ್ಕೃತವನ್ನು ತುರುಕುವವರನ್ನು ನಯಸೇನನೂ ತನ್ನ ‘ಧರ್ಮಾಮೃತ’ದಲ್ಲಿ (1112) ಹಳಿದಿದ್ದಾನೆ. ಆದರೆ ನಯಸೇನ ಬುದ್ಧಿ ಹೇಳಿದುದು ಕವಿಗಳಿಗೆ. ಮುದ್ದಣ ಕೇಳುವವಳಿಗೇ ಬಾಯಿ ಕೊಟ್ಟನು. ಇದು ಸಣ್ಣ ಹೆಜ್ಜೆಯಲ್ಲ.

ಇಷ್ಟಾದರೂ ಒಂದು ಆಕ್ಷೇಪವನ್ನು ಎತ್ತಲೇಬೇಕು. ಮುದ್ದಣನೆಂಬ ಹೆಸರಿನಲ್ಲಿ ಬರೆದ ನಂದಳಿಕೆ ಲಕ್ಷ್ಮೀನಾರಾಯಣಪ್ಪ ಬದುಕಿದುದು 1870ರಿಂದ 1901ರವರೆಗೆ. ಆ ಕಾಲದ ಯಾವ ಮನೆಯಲ್ಲಿಯೂ ಹಳಗನ್ನಡದ ಮಾತುಕತೆ ಇರಲಿಲ್ಲ. ಸುಲಭವಾಗಿ ಹೇಳೆಂದು ಬೇಡುವ ಮನೋರಮೆಯೇ ಹಳಗನ್ನಡದಲ್ಲಿ ಬೇಡುತ್ತಾಳೆ! ಕವಿಗೆ ಇಬ್ಬರು ಶ್ರೋತೃಗಳಿದ್ದರೆಂದು ಭಾವಿಸಿದರೆ ಈ ತೊಡಕು ಬಿಡುತ್ತದೆ: ಜಗಲಿಯಲ್ಲಿ ಕುಳಿತ ಮಡದಿ ಒಬ್ಬಳು, ದೂರದ ಪಂಡಿತಸಮುದಾಯ ಇನ್ನೊಂದು. ಸಲ್ಲಾಪದ ಲವಲವಿಕೆ ಮೊದಲನೆಯವಳಿಗೆ, ಹಳೆಯ ನುಡಿಯ ಉಡುಪು ಎರಡನೆಯವರಿಗೆ. ಮಡದಿಯ ನೆನಪಿದ್ದೆಡೆ ವಾಕ್ಯ ಚಿಕ್ಕದಾಗಿ ಉಸಿರಾಡುತ್ತದೆ. ಪಂಡಿತರತ್ತ ತಿರುಗಿದೆಡೆ ವರ್ಣನೆ ಭಾರವಾಗುತ್ತದೆ. ಕೃತಿಯ ಗುಣವೂ ದೋಷವೂ ಈ ಒಂದೇ ಬೇರಿನವು.

ಹೊರನಾಡಿನ ನಮಗೆ ಈ ವಿಚಾರ ಕೇವಲ ಸಾಹಿತ್ಯದ್ದಲ್ಲ. ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆದ ನಮ್ಮ ಮಕ್ಕಳ ಮುಂದೆ ನಾವು ರಾಜ್ಯೋತ್ಸವದ ದಿನ ಗ್ರಂಥಸ್ಥ ಕನ್ನಡದಲ್ಲಿ ಕನ್ನಡದ ಹಿರಿಮೆಯನ್ನು ಸಾರುತ್ತೇವೆ. ಅವರು ಸಭ್ಯರಾಗಿ ಕುಳಿತು, ಸಭ್ಯರಾಗಿ ಕೈತಟ್ಟಿ ಮನೆಗೆ ಹೋಗುತ್ತಾರೆ. ನಾವು ಆ ಚಪ್ಪಾಳೆಯನ್ನು ಭಾಷಾಪ್ರೇಮವೆಂದು ಎಣಿಸುತ್ತೇವೆ. ಮುದ್ದಣನಿಗೆ ದೊರೆತ ಭಾಗ್ಯ ಚಪ್ಪಾಳೆಯಲ್ಲ, ಅಡ್ಡಮಾತು. ‘ನೀವು ಹೇಳಿದುದು ತಿಳಿಯಲಿಲ್ಲ’ ಎಂದು ಎದ್ದು ನಿಂತು ಹೇಳುವ ಸಲಿಗೆಯನ್ನು ನಾವು ಆ ಮಕ್ಕಳಿಗೆ ಕೊಟ್ಟಿದ್ದೇವೆಯೆ? ಕೊಟ್ಟ ದಿನ ನಮ್ಮ ಭಾಷಣ ಅಲ್ಲಿಗೇ ನಿಲ್ಲಬಹುದು. ಮಾತುಕತೆ ಮಾತ್ರ ಅಲ್ಲಿಂದಲೇ ಮೊದಲಾದೀತು.