ಸೋಲಿಗರ ಹಾಡು: ಕಾವ್ಯವೇ, ಸಾಕ್ಷ್ಯವೇ?

ಮಲೆಯ ಮಾದೇಶ್ವರನ ಮೌಖಿಕ ಮಹಾಕಾವ್ಯದ ‘ಸಂಕಮ್ಮನ ಸಾಲು’ ಕನ್ನಡ ವಿಮರ್ಶೆಯು ಮತ್ತೆ ಮತ್ತೆ ಚರ್ಚಿಸಿರುವ ಭಾಗ. ಜೇನು ಕೀಳಲು ಕಾಡಿಗೆ ಹೊರಟ ಸೋಲಿಗರ ನೀಲಯ್ಯನು ಹೆಂಡತಿಯಿಂದ ಬಲಗೈ ಭಾಷೆಯನ್ನು ಕೇಳುತ್ತಾನೆ; ಆಕೆ ಒಪ್ಪುವುದಿಲ್ಲ; ಅವನು ಆಕೆಯನ್ನು ಹಿಂಸಿಸಿ ಬಂಧನದಲ್ಲಿಟ್ಟು ಹೋಗುತ್ತಾನೆ; ಮಾದೇಶ್ವರ ಬಂದು ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ. ಇದನ್ನು ಭಕ್ತಿಯ ಮಹಿಮೆಯೆಂದು ಓದಿದವರಿದ್ದಾರೆ, ಗಂಡಿನ ಯಜಮಾನಿಕೆಗೆ ಹೆಣ್ಣು ಒಡ್ಡಿದ ಪ್ರತಿರೋಧವೆಂದು ಓದಿದವರೂ ಇದ್ದಾರೆ. ಎರಡೂ ಓದುಗಳು ಸಾಧುವಾದವೇ. ಆದರೆ ಎರಡರಲ್ಲಿಯೂ ಕಾಡು ರಂಗಸ್ಥಳದ ಹಿಂದಿನ ಪರದೆಯಾಗಿ ಮಾತ್ರ ಉಳಿಯುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಹೆಜ್ಜೇನು ಕೀಳುವುದು ಪ್ರಾಣವನ್ನು ಪಣಕ್ಕಿಡುವ ಕಾಯಕ. ಮನೆಯ ನೇಮಕ್ಕೂ ಕಾಡಿನಲ್ಲಿನ ಕ್ಷೇಮಕ್ಕೂ ನಂಟು ಕಲ್ಪಿಸುವ ಒಂದು ಕಟ್ಟಳೆ ನೀಲಯ್ಯನ ಭಾಷೆಯ ಹಿಂದೆ ಇದ್ದೀತು ಎಂದು ನಮಗೆ ತೋರುತ್ತದೆ. ಇದರಿಂದ ಅವನ ಕ್ರೌರ್ಯಕ್ಕೆ ಸಮರ್ಥನೆ ದೊರೆಯುವುದಿಲ್ಲ. ಕಾವ್ಯವು ಆ ಕಟ್ಟಳೆಯ ಕ್ರೌರ್ಯವನ್ನು ಮಾತ್ರ ಉಳಿಸಿಕೊಂಡು, ಅದರ ಕಾಡಿನ ಅರ್ಥವನ್ನು ಕೈಬಿಟ್ಟಿದೆಯೇ ಎಂಬುದು ನಮ್ಮ ಪ್ರಶ್ನೆ. ಏಕೆಂದರೆ ಈ ಕಾವ್ಯವನ್ನು ಹಾಡಿಕೊಂಡು ಬಂದವರು ಮುಖ್ಯವಾಗಿ ದೇವರಗುಡ್ಡರು, ಕಂಸಾಳೆಯವರು. ಅಂದರೆ ಮಾದಪ್ಪನ ಒಕ್ಕಲು. ಅವರ ಕಣ್ಣಿಗೆ ಸೋಲಿಗನು ದೇವರಿಗೆ ಶರಣಾಗಬೇಕಾದವನು.

ಸೋಲಿಗರ ಸ್ವಂತ ಪರಂಪರೆಯ ದನಿ ಬೇರೆ. ಬಿಳಿಗಿರಿಯ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದಾಗಿ ಅವರು ಆ ದೇವರನ್ನು ‘ಭಾವ’ ಎಂದೇ ಕರೆಯುತ್ತಾರೆ. ಭಾವನೊಡನೆ ಸಲಿಗೆಯುಂಟು, ಜಗಳವುಂಟು, ಪಾಲು ಕೇಳುವ ಹಕ್ಕೂ ಉಂಟು. ಭಕ್ತನಿಗೆ ಈ ಕೊನೆಯದು ಇಲ್ಲ. ನಮ್ಮ ಮಧ್ಯಕಾಲೀನ ಕಾವ್ಯದಲ್ಲಿ ಇಂಥ ‘ಭಾವ’ನನ್ನು ಕಾಣುವುದು ಕಷ್ಟ. ಹರಿಹರನ ಕಣ್ಣಪ್ಪನಾಗಲಿ, ಷಡಕ್ಷರಿಯ ‘ಶಬರಶಂಕರ ವಿಳಾಸ’ದ ಬೇಡರ ಲೋಕವಾಗಲಿ ಶಿವನ ಮೂಲಕವೇ ಗೌರವ ಪಡೆಯುತ್ತದೆ. ಬೇಡನ ಮುಗ್ಧತೆಯನ್ನು ಕವಿಗಳು ಕೊಂಡಾಡಿದರು. ಅವನ ತಿಳಿವಳಿಕೆಯನ್ನು ಯಾರೂ ವಿಚಾರಿಸಲಿಲ್ಲ.

ಈ ವಿಚಾರಿಸದಿರುವಿಕೆ ಕಾವ್ಯಕ್ಕಷ್ಟೇ ಸೀಮಿತವಾಗಿದ್ದರೆ ನಾವು ಇಷ್ಟು ಬರೆಯಬೇಕಿರಲಿಲ್ಲ. 1974ರಲ್ಲಿ ಬಿಳಿಗಿರಿ ಬೆಟ್ಟಗಳು ವನ್ಯಧಾಮವಾದ ಮೇಲೆ ಸೋಲಿಗರ ಬೆಂಕಿಗೆ ತಡೆ ಬಿತ್ತು. ಬೇಸಿಗೆ ಬಲಿಯುವ ಮುನ್ನ ಒಣಗಿದ ಎಲೆಗೆ ಹಚ್ಚುತ್ತಿದ್ದ, ನೆಲಮಟ್ಟದಲ್ಲಿ ಹರಿದು ಆರುವ ಆ ಕಿರುಬೆಂಕಿಗೆ ಅವರದು ‘ತರಗುಬೆಂಕಿ’ ಎಂಬ ಹೆಸರು. ಅದು ನಿಂತ ಬಳಿಕ ಲಂಟಾನದ ಪೊದೆ ಕಾಡನ್ನು ಆವರಿಸಿತು, ನೆಲ್ಲಿಮರಗಳಿಗೆ ಬದನಿಕೆ ಹೆಚ್ಚಾಯಿತು ಎಂದು ಹಿರಿಯ ಸೋಲಿಗರು ಹೇಳುತ್ತ ಬಂದರು. ಬಹುಕಾಲ ಅದು ಅಡವಿಯವರ ನಂಬಿಕೆ ಎನಿಸಿಕೊಂಡಿತು. ಪರಿಸರ ವಿಜ್ಞಾನಿಗಳು ಅದನ್ನು ಪರೀಕ್ಷಿಸಬೇಕಾದ ಊಹೆಯಾಗಿ ಎತ್ತಿಕೊಂಡದ್ದು ಈ ಶತಮಾನದಲ್ಲಿ. ಲಂಟಾನ ಹಬ್ಬಲು ಬೆಂಕಿಯೊಂದೇ ಕಾರಣವೇ ಎಂಬುದರಲ್ಲಿ ಭಿನ್ನಮತವುಂಟು. ಆದರೆ ಹಿರಿಯರ ಮಾತನ್ನು ಈಗ ತಳ್ಳಿಹಾಕುವಂತಿಲ್ಲ.

ಕಾನೂನು ಈ ವಿಷಯದಲ್ಲಿ ವಿಮರ್ಶೆಗಿಂತ ಮುಂದೆ ಹೋಗಿದೆ ಎಂಬುದು ವಿಚಿತ್ರವಾದರೂ ನಿಜ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2008ರಲ್ಲಿ ಬಂದ ನಿಯಮಗಳು ಹಿರಿಯರ ಬಾಯಿಮಾತನ್ನು ಬರೆದುಕೊಂಡ ಹೇಳಿಕೆಯನ್ನೂ ಪವಿತ್ರ ಮರ, ದೇವರಕಾಡು, ಮಸಣಗಳನ್ನೂ ಪುರಾವೆಯೆಂದು ಸ್ವೀಕರಿಸುತ್ತವೆ. 2011ರ ಆರಂಭದಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಮನ್ನಣೆ ದೇಶದಲ್ಲಿಯೇ ಮೊದಲನೆಯದು. ಪ್ರತಿಯೊಂದು ಕುಲಕ್ಕೂ ಅದರದೇ ‘ಎಲ್ಲೆ’, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳು. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಅಂಥ ನೆಲೆಗಳಲ್ಲಿ ಪ್ರಸಿದ್ಧವಾದುದು. ಸೋಲಿಗರು ಸಂಶೋಧಕರೊಡನೆ ನಡೆದು ಈ ನೆಲೆಗಳ ನಕಾಶೆಯನ್ನು ಸಿದ್ಧಪಡಿಸಿದ್ದಾರೆ. ನಾವು ‘ಸ್ಥಳಪುರಾಣ’ ಎಂದು ಅನುಬಂಧಕ್ಕೆ ತಳ್ಳುವ ಸಾಮಗ್ರಿ ಇದೇ ಅಲ್ಲವೆ?

ಹಾಗೆಂದು ಹಾಡನ್ನು ದಾವೆಯ ಕಾಗದದಂತೆ ಓದುವುದೂ ಅಪಾಯಕರ. ಹಾಡುಗಾರ ಊರಿನ ಹೆಸರನ್ನು ಲಯಕ್ಕಾಗಿ ಬದಲಿಸುತ್ತಾನೆ, ಕೇಳುಗರ ಊರನ್ನು ಕಥೆಯೊಳಕ್ಕೆ ಸೇರಿಸುತ್ತಾನೆ. ಅದು ಅವನ ಕಲೆಯ ಹಕ್ಕು. ಆದ್ದರಿಂದ ಸಂಪಾದಕನ ಹೊಣೆ ಹೆಚ್ಚಿನದು. 1973ರಲ್ಲಿ ಪಿ.ಕೆ. ರಾಜಶೇಖರ ಅವರೂ 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕೇಶವನ್ ಪ್ರಸಾದ್ ಅವರೂ ಈ ಕಾವ್ಯವನ್ನು ಅಚ್ಚಿಗೆ ತಂದ ಉಪಕಾರ ದೊಡ್ಡದು. ನಾಡಿನ ಹೊರಗಿರುವ ನಮ್ಮಂಥವರಿಗೆ ಅಚ್ಚಾದ ಪಠ್ಯವೇ ಬಹುಮಟ್ಟಿಗೆ ಗತಿ. ಮುಂದಿನ ಪರಿಷ್ಕರಣಗಳು ಒಂದು ಸ್ಥಳಸೂಚಿಯನ್ನು ಒದಗಿಸಲಿ: ಯಾವ ಅಬ್ಬಿ, ಯಾವ ಕುಲದ ಎಲ್ಲೆ, ಆ ಸಾಲನ್ನು ಗುಡ್ಡನು ಹಾಡಿದನೋ ಸೋಲಿಗನು ಹಾಡಿದನೋ. ನೀಲಯ್ಯ ಹತ್ತಿದ ಜೇನುಮಲೆ ಯಾರ ಎಲ್ಲೆಯಲ್ಲಿತ್ತೆಂದು ಪೋಡಿನ ಹಿರಿಯರನ್ನು ಕೇಳಿ ಬರೆದುಕೊಳ್ಳಲು ಇನ್ನೂ ಅವಕಾಶವಿದೆ.