ದೋಷವೂ ಅಲ್ಲ, ಪವಾಡವೂ ಅಲ್ಲ

ಕಾವ್ಯದಲ್ಲಿ ಅತ್ಯಲ್ಪ ದೋಷವನ್ನೂ ಉಪೇಕ್ಷಿಸಬಾರದೆಂದು ವಿಧಿಸುವಾಗ ದಂಡ್ಯಾಚಾರ್ಯನು ಕಾವ್ಯಾದರ್ಶದಲ್ಲಿ ಒಂದು ಉಪಮಾನವನ್ನು ಕೊಟ್ಟಿರುವನು: ಸುಂದರವಾದ ಶರೀರವೂ ತೊನ್ನಿನ ಒಂದೇ ಮಚ್ಚೆಯಿಂದ ಕೆಡುವುದಂತೆ. ಪಾಠಶಾಲೆಗಳಲ್ಲಿ ಈ ಶ್ಲೋಕವನ್ನು ಬಾಯಿಪಾಠ ಮಾಡಿದವರು ಅನೇಕರು. ಆ ಮಚ್ಚೆಯನ್ನು ಮೈಮೇಲೆ ಹೊತ್ತ ವಿದ್ಯಾರ್ಥಿಯೊಬ್ಬನು ಅದೇ ಸಾಲಿನಲ್ಲಿ ಕುಳಿತಿದ್ದರೆ ಅವನಿಗೇನೆನಿಸೀತೆಂದು ಯೋಚಿಸಿದವರು ವಿರಳ.

ಇದಕ್ಕೆ ವಿರುದ್ಧವಾದ ಮಾತು ರಾಜಶೇಖರನ ಕಾವ್ಯಮೀಮಾಂಸೆಯಲ್ಲಿದೆ. ಪ್ರತಿಭಾವಂತನಿಗೆ ಕಾಣದ ವಸ್ತುವೂ ಪ್ರತ್ಯಕ್ಷವಾಗುವುದೆಂಬುದಕ್ಕೆ ಮೇಧಾವಿರುದ್ರ, ಕುಮಾರದಾಸ ಮೊದಲಾದ ಹುಟ್ಟುಕುರುಡ ಕವಿಗಳನ್ನು ಆತನು ನಿದರ್ಶನವಾಗಿ ಹೇಳುವನು. ಮೇಲ್ನೋಟಕ್ಕೆ ಇದು ಗೌರವವೇ ಸರಿ. ಆದರೆ ಅವರು ಲೋಕವನ್ನು ಹೇಗೆ ಅರಿತರು, ಹೇಗೆ ರಚಿಸಿದರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಒಬ್ಬ ಆಚಾರ್ಯನಿಗೆ ಅಂಗವೈಕಲ್ಯವು ದೋಷದ ಉಪಮಾನ, ಮತ್ತೊಬ್ಬನಿಗೆ ವಿಸ್ಮಯದ ಪ್ರಮಾಣ. ಆ ದೇಹದಲ್ಲಿ ಬಾಳುವ ಮನುಷ್ಯನ ಮಾತು ಎರಡರಲ್ಲಿಯೂ ಕೇಳಿಸದು.

ಲೋಕರೂಢಿಯೂ ಹೀಗೆಯೇ ಇದೆ. ಗುರುಗುಂಟೆಯ ಬಳಿಯ ಅಮರೇಶ್ವರನ ಜಾತ್ರೆಯಲ್ಲಿ ಕುರುಡ ಹಾಡುಗಾರನೊಬ್ಬನು ಕುಳಿತಿದ್ದರೆ ಕಾಸು ಹಾಕಿ ಮುಂದೆ ಸಾಗುವರಲ್ಲದೆ, ನಿಂತು ಹಾಡಿನ ಗುಣದೋಷಗಳನ್ನು ವಿಚಾರಿಸುವವರು ಕಡಿಮೆ. ಅದೇ ಜನರು ಗದುಗಿನ ಪುಟ್ಟರಾಜ ಗವಾಯಿಗಳ (1914–2010) ಹೆಸರೆತ್ತಿದೊಡನೆ ಕೈಮುಗಿಯುವರು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಅವರು, ತಾವೂ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳಲ್ಲಿ ವಿದ್ಯೆ ಕಲಿತರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತರು, ನಾಟಕಗಳನ್ನು ರಚಿಸಿದರು, ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಇದೆಲ್ಲವೂ ಪವಾಡವೆಂದುಬಿಟ್ಟರೆ, ನೋಡಿ ಕಲಿಯಲಾರದ ಶಿಷ್ಯನ ಬೆರಳುಗಳನ್ನು ನೋಡಿ ತಿದ್ದಲಾರದ ಗುರುಗಳು ತಬಲೆಯ ಮೇಲೆ ಹೇಗೆ ಕೂರಿಸಿದರೆಂಬ ವಿಚಾರವು ಅಲ್ಲಿಗೇ ಮುಗಿಯುವುದು. ಕಲೆಯ ದೃಷ್ಟಿಯಿಂದ ತಿಳಿಯಬೇಕಾದುದು ಅದೇ ಅಲ್ಲವೆ?

ಇಂತಹ ವಿಚಾರವನ್ನು ತಮ್ಮಲ್ಲಿಯೇ ಶೋಧಿಸಿ ಬರೆದಿಟ್ಟವರೆಂದರೆ ಶಾಂತಿನಿಕೇತನದ ಚಿತ್ರಕಾರ ಬಿನೋದ ಬಿಹಾರಿ ಮುಖರ್ಜಿಯವರು (1904–1980). ಬಾಲ್ಯದಿಂದಲೂ ಅವರದು ಮಂದದೃಷ್ಟಿ. 1946–47ರಲ್ಲಿ ಹಿಂದೀಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ಚಿತ್ರಿಸಿದರು. ಅಂಧನಾದ ಸೂರದಾಸನೂ ಅವರಲ್ಲೊಬ್ಬನು. ಹತ್ತು ವರ್ಷಗಳ ತರುವಾಯ ಶಸ್ತ್ರಚಿಕಿತ್ಸೆಯು ಫಲಿಸದೆ ಚಿತ್ರಕಾರರೇ ಅಂಧರಾದರು. ಆದರೆ ಸೂರದಾಸನ ಪ್ರಭಾವಳಿಯನ್ನು ಅವರು ಧರಿಸಲಿಲ್ಲ. ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸಿದರು. 1972ರಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಭಿತ್ತಿಚಿತ್ರವನ್ನು ರಚಿಸಿದರು. ಬಂಗಾಳಿಯ ‘ಚಿತ್ರಕರ’ದಲ್ಲಿ ತಮ್ಮ ಜೀವನವನ್ನು ವಿಮರ್ಶಿಸಿದರು, ‘ಕತ್ತಾಮಶಾಯ್’ ಎಂಬ ಬರಹದಲ್ಲಿ ತಮ್ಮ ಅಂಧತ್ವವನ್ನೇ ಬೇರೊಬ್ಬನ ಕಥೆಯೆಂಬಂತೆ ಎದುರಿಗಿಟ್ಟುಕೊಂಡು ಪರೀಕ್ಷಿಸಿದರು. ಶಿಷ್ಯರಾದ ಕೆ. ಜಿ. ಸುಬ್ರಹ್ಮಣ್ಯನ್ ಅವರ ಇಂಗ್ಲಿಷ್ ಅನುವಾದವು 2006ರಲ್ಲಿ ಪ್ರಕಟವಾಗಿದೆ. ಅಂಧತ್ವವನ್ನು ಕತ್ತಲೆಯೆಂದು ಮರುಗದೆ, ಜ್ಞಾನಜ್ಯೋತಿಯೆಂದು ಹೊಗಳದೆ, ಹೊಸದೊಂದು ಸ್ಥಿತಿಯೆಂದು ಅರಿಯುವುದೇ ಅವರ ಬರಹದ ಹಿರಿಮೆ. ಮತ್ತೊಬ್ಬ ಶಿಷ್ಯ ಸತ್ಯಜಿತ್ ರಾಯರು 1972ರಲ್ಲಿ ಅವರನ್ನು ಕುರಿತು ತೆಗೆದ ಚಲಚ್ಚಿತ್ರಕ್ಕೆ ‘ಒಳಗಣ್ಣು’ ಎಂಬರ್ಥದ ಹೆಸರಿದೆ. ಹೆಸರೇನೋ ರಾಜಶೇಖರನ ಮಾರ್ಗದ್ದು. ಆದರೆ ಪ್ರೇಕ್ಷಕರಿಗೆ ಅಲ್ಲಿ ಕಾಣುವುದು ಕೆಲಸದಲ್ಲಿ ತೊಡಗಿದ ಕೈಗಳು.

ಕೃತಿಯನ್ನು ಮಾತ್ರ ನೋಡಬೇಕು, ಕರ್ತೃವಿನ ಶರೀರವು ವಿಮರ್ಶಕನಿಗೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕತ್ತರಿಯು ಬೆರಳಿನ ಗುರುತು ಹಿಡಿದು ಸಾಗಿದುದನ್ನು ಅರಿಯದವನು ಕಾಗದದ ಒರಟು ಅಂಚನ್ನು ದೋಷವೆಂದೇ ಎಣಿಸುವನು. ಹಾಗೆಂದು ಎಲ್ಲವನ್ನೂ ಮೆಚ್ಚಬೇಕಾದುದಿಲ್ಲ. ಶ್ರುತಿ ತಪ್ಪಿದ್ದರೆ ತಪ್ಪಿತೆನ್ನಬೇಕು. ಮರುಕದಿಂದ ಕೊಟ್ಟ ಪ್ರಶಂಸೆಯು ಕಲಾವಿದನನ್ನು ಭಿಕ್ಷುಕರ ಸಾಲಿನಲ್ಲಿ ಕೂರಿಸುವುದು.

ಅಂಧರ ವಿದ್ಯೆಗೆ ಗದುಗಿನಂತಹ ನೆಲೆಯುಳ್ಳ ಕನ್ನಡನಾಡಿನಲ್ಲಿ, ಗುರುಸ್ತುತಿಯ ಜೊತೆಗೆ, ತಾವು ಸ್ವರವನ್ನೂ ಸ್ಥಳವನ್ನೂ ಹೇಗೆ ಅರಿತೆವೆಂಬುದನ್ನು ಅಲ್ಲಿ ಕಲಿತವರೇ ಬರೆಯಬೇಕು. ಬ್ರೈಲಿನಲ್ಲಿ ಆಗಲಿ, ಹೇಳಿ ಬರೆಯಿಸಿಯಾಗಲಿ. ಅದುವರೆಗೆ ಓದುಬಲ್ಲ ಗೃಹಸ್ಥರು ಮಾಡಬಹುದಾದುದೊಂದುಂಟು. ಬರುವ ಜಾತ್ರೆಯಲ್ಲಿ ಕಾಸು ಹಾಕುವುದಕ್ಕೆ ಮೊದಲು ಹಾಡನ್ನು ಕೊನೆಯವರೆಗೆ ಕೇಳಿ, ಅದನ್ನು ಯಾರಲ್ಲಿ ಕಲಿತನೆಂದು ಹಾಡುಗಾರನನ್ನು ವಿಚಾರಿಸಲಿ.