ಮೈಕ್ರೋಸ್ಕೋಪ್ ಬಿಚ್ಚಿ ನೋಡದವರ ಮಿದುಳು ವಿಜ್ಞಾನ

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಸಿಬಿಎಸ್, ನಡೆಸಿಕೊಂಡು ಬಂದಿರುವ ‘ಬೆಂಗಳೂರು ಮೈಕ್ರೋಸ್ಕೋಪಿ ಕೋರ್ಸ್’ ಬರೀ ಉಪನ್ಯಾಸಕ್ಕೆ ನಿಲ್ಲುವುದಿಲ್ಲ. ಎಳೆಯ ಸಂಶೋಧಕರ ಕೈಗೇ ಉಪಕರಣ ಕೊಡುತ್ತದೆ. ಅದರ ದೊಡ್ಡ ಗುಣ ಇದೇ. ಮಿದುಳಿನ ಅಧ್ಯಯನಕ್ಕೆ ಹೊರಟವರಿಗಂತೂ ಇದು ತೀರಾ ಅಗತ್ಯ.

ಯಾಕೆಂದರೆ ನರಕೋಶದ ಕೆಲಸ ನೋಡುವುದೆಂದರೆ ಇವತ್ತು ಬಹುಮಟ್ಟಿಗೆ ಬೆಳಕು ಅಳೆಯುವುದು. ನರಕೋಶ ಸಂಕೇತ ಕಳಿಸುವಾಗ ಅದರೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಸಂಶೋಧಕರು ಕೋಶಕ್ಕೆ ಮೊದಲೇ ಸೇರಿಸಿದ ಜಿಕ್ಯಾಂಪ್ ಎಂಬ ಪ್ರೋಟೀನ್ ಅದನ್ನು ಹಿಡಿದು ಹಸಿರಾಗಿ ಹೊಳೆಯುತ್ತದೆ. 1990ರಲ್ಲಿ ವಿನ್‌ಫ್ರೀಡ್ ಡೆಂಕ್ ಮತ್ತು ಸಂಗಡಿಗರು ಕಾರ್ನೆಲ್‌ನಲ್ಲಿ ರೂಪಿಸಿದ ಎರಡು ಫೋಟಾನ್‌ಗಳ ಮೈಕ್ರೋಸ್ಕೋಪು ಈ ಹೊಳಪನ್ನು ಜೀವಂತ ಇಲಿಯ ಮಿದುಳಿನಲ್ಲಿ ಅರ್ಧ ಮಿಲಿಮೀಟರ್ ಆಳದಲ್ಲೂ ಕಾಣಿಸುತ್ತದೆ. ಆದರೆ ವಿದ್ಯುತ್ ಸಂಕೇತ ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಗಿದರೂ ಹೊಳಪು ನೂರಾರು ಮಿಲಿಸೆಕೆಂಡು ಉಳಿದಿರುತ್ತದೆ. ಪರದೆಯ ಮೇಲೆ ಕಂಡದ್ದೆಲ್ಲ ನಿಜವೆಂದು ನಂಬಿದವರು ಮುಗ್ಗರಿಸುವುದು ಇಲ್ಲೇ. ಹಿಂದೆಯೂ ಹೀಗೇ ಆಗಿತ್ತು: ನರಕೋಶಕ್ಕೆ ಬಣ್ಣ ಕೊಡಲು ವಿಜ್ಞಾನಿ ಗಾಲ್ಜಿ 1873ರಲ್ಲಿ ಪ್ರಕಟಿಸಿದ ವಿಧಾನವನ್ನೇ ಬಳಸಿ ಅವನು ನರಗಳ ಒಂದೇ ಬಲೆ ಕಂಡ, ಇನ್ನೊಬ್ಬ ವಿಜ್ಞಾನಿ ಕಹಾಲ್ ಬಿಡಿಬಿಡಿ ಕೋಶ ಕಂಡ; 1906ರ ನೊಬೆಲ್ ಮಾತ್ರ ಇಬ್ಬರಿಗೂ ಬಂತು!

ಕಂಡದ್ದನ್ನು ಅನುಮಾನಿಸುವ ಬುದ್ಧಿ ಬರುವುದು ಉಪಕರಣ ಕಟ್ಟಿದಾಗ. ಉದಾಹರಣೆಗೆ, ಬೆಂಚಿನ ಮೇಲೆ ಎರಡು ಕನ್ನಡಿ, ಎರಡು ಕಿಂಡಿ. ಲೇಸರ್ ಕಿರಣ ಎರಡೂ ಕಿಂಡಿಗಳ ನಟ್ಟನಡುವೆ ಹಾಯಬೇಕು. ಮೊದಲ ಕನ್ನಡಿಯ ಸ್ಕ್ರೂ ತಿರುವಿ ಹತ್ತಿರದ ಕಿಂಡಿಗೆ ಕೂಡಿಸಿದರೆ ದೂರದ್ದು ತಪ್ಪುತ್ತದೆ. ಎರಡನೆಯದನ್ನು ತಿರುವಿದರೆ ಹತ್ತಿರದ್ದು ಜಾರುತ್ತದೆ. ಮತ್ತೆ ಮೊದಲಿನದು, ಮತ್ತೆ ಎರಡನೆಯದು. ಹೊಸಬರಿಗೆ ಅರ್ಧ ದಿನ ಹೋದರೂ ಹೋದೀತು. ಗುಂಡಿ ಒತ್ತಿದರೆ ಚಿತ್ರ ಕೊಡುವ ಕೋಟಿ ಬೆಲೆಯ ಯಂತ್ರ ಈ ಪಾಠ ಹೇಳಿಕೊಡುವುದಿಲ್ಲ.

ನನ್ನ ತಕರಾರು ಕೋರ್ಸಿನ ಮಟ್ಟದ ಬಗ್ಗೆ ಅಲ್ಲ, ಅದು ಸಿಗುವ ಹೊತ್ತಿನ ಬಗ್ಗೆ. ಪಿಎಚ್‌ಡಿಗೆ ಬಂದ ಮೇಲೆ ಸಿಗುವ ಈ ತರಬೇತಿ ನಮ್ಮ ಕಡೆಯ ಎಷ್ಟು ಮಕ್ಕಳಿಗೆ ದಕ್ಕೀತು? ನಮ್ಮ ಬೆಳಗಾವಿ ಜಿಲ್ಲೆಯ ಏಕಸಂಬಿಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ದೂಧಗಂಗೆಯ ದಂಡೆಯ ಹುಡುಗಿ ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ಬಿಎಸ್ಸಿಗೆ ಸೇರಿದರೆ ನರಕೋಶವನ್ನು ಮೊದಲು ಕಾಣುವುದು ಗೋಡೆಯ ಚಾರ್ಟಿನಲ್ಲಿ. ಸ್ಲೈಡಿಗೆ ಕಣ್ಣಿಡುವ ಮೊದಲೇ ಪೆನ್ಸಿಲ್ಲಿನಲ್ಲಿ ಚಿತ್ರ ತೆಗೆದು, ಹೆಸರು ಗುರುತಿಸಿ, ಜರ್ನಲ್‌ಗೆ ಸಹಿ ಹಾಕಿಸಿಕೊಂಡು ಮುಗಿದಿರುತ್ತದೆ. ಲೆನ್ಸು ಒರೆಸುವುದೂ ಅಟೆಂಡರ್ ಕೆಲಸ. ನೋಡದೆಯೇ ಬರೆಯುವ ಈ ರೂಢಿ ಬೇರೂರಿದ ಮೇಲೆ ಬೆಂಗಳೂರಿನ ಒಂದೆರಡು ವಾರ ಏನು ತಾನೇ ಮಾಡೀತು?

ದುಡ್ಡಿಲ್ಲ ಎಂಬ ನೆಪ ಪೂರ್ತಿ ಒಪ್ಪುವಂಥದ್ದಲ್ಲ. ವಿಜ್ಞಾನಿ ಮನು ಪ್ರಕಾಶ್ ತಂಡ 2014ರಲ್ಲಿ ವಿವರಿಸಿದ, ಮಡಚಿ ಕಟ್ಟುವ ಕಾಗದದ ಮೈಕ್ರೋಸ್ಕೋಪ್ ಫೋಲ್ಡ್‌ಸ್ಕೋಪಿನ ಬಿಡಿಭಾಗಗಳಿಗೆ ಬಿದ್ದ ಖರ್ಚು ಒಂದು ಡಾಲರಿಗಿಂತ ಕಡಿಮೆ. ಅದರಲ್ಲಿ ಜೀವಂತ ಮಿದುಳು ಕಾಣದು, ನಿಜ. ಲೆನ್ಸು ಕೆಲಸ ಮಾಡುವ ಬಗೆಯಂತೂ ಕೈಗೆ ತಿಳಿಯುತ್ತದೆ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಿಎಸ್ಸಿ ಪ್ರ್ಯಾಕ್ಟಿಕಲ್‌ನಲ್ಲಿ ಮೈಕ್ರೋಸ್ಕೋಪ್ ಕಟ್ಟುವುದಕ್ಕೂ ಅಂಕ ಇಡಲಿ. ಎನ್‌ಸಿಬಿಎಸ್‌ನವರು ಒಂದು ಸಲವಾದರೂ ಚಿಕ್ಕೋಡಿಗೆ ಬಂದು ಪದವಿ ಕಾಲೇಜಿನ ಮೇಷ್ಟ್ರುಗಳಿಗೆ ಈ ಕೋರ್ಸು ನಡೆಸಲಿ.